ಗೋಸುಂಬೆಯ ಬೇನೆ

1972ರಲ್ಲಿ ಶಾಂತಸಾಗರದ ನಡುವಣ ಹವಾಯಿ ದ್ವೀಪಗಳಿಗೆ ಪೂರ್ವ ಆಫ್ರಿಕದ ಕೀನ್ಯ ದೇಶದಿಂದ ಕೆಲವು ಡಜನ್ ಗೋಸುಂಬೆಗಳು ಬಂದಿಳಿದುವು. ಸಾಕುಪ್ರಾಣಿಗಳನ್ನು ಮಾರುವ ವ್ಯಾಪಾರಿಯೊಬ್ಬನು ಅವುಗಳನ್ನು ತರಿಸಿಕೊಂಡಿದ್ದನು. ಗಂಡಿನ ಮುಖದ ಮೇಲೆ ಮೂರು ಕೊಂಬುಗಳಿರುವ, ಜ್ಯಾಕ್ಸನ್ ಗೋಸುಂಬೆ ಎಂದು ಹೆಸರಾದ ಜಾತಿ ಅದು. ದೀರ್ಘ ಪ್ರಯಾಣದಲ್ಲಿ ಅವು ಬಳಲಿ, ಮೈಯ ನೀರು ಬತ್ತಿ, ಸೊರಗಿ ಹೋಗಿದ್ದುವು. ವ್ಯಾಪಾರಿಯು ಓಆಹು ದ್ವೀಪದ ಕಾನೆಯೋಹೆ ಎಂಬಲ್ಲಿದ್ದ ತನ್ನ ಹಿತ್ತಿಲಿನ ಗಿಡಮರಗಳ ಮೇಲೆ ಅವನ್ನು ಬಿಟ್ಟನು. ಕೆಲವು ಕಾಲ ಅಲ್ಲಿದ್ದು ಚೇತರಿಸಿಕೊಳ್ಳಲಿ ಎಂಬುದು ಅವನ ಎಣಿಕೆ. ಅವು ಚೇತರಿಸಿಕೊಂಡುವು, ಚೇತರಿಸಿಕೊಂಡು ಹಿತ್ತಿಲನ್ನೂ ದಾಟಿ ಹೋದುವು. ಇಂದು ಅವುಗಳ ಸಂತತಿ ಹವಾಯಿಯ ಹಲವು ದ್ವೀಪಗಳಲ್ಲಿ ನೆಲೆಸಿದೆ.

ಆ ಹಿತ್ತಿಲಿನಲ್ಲಿ ಔಷಧವಿರಲಿಲ್ಲ. ಇದ್ದುದು ಎಲೆಗಳ ಮೇಲೆ ನಿಲ್ಲುವ ಮಳೆಯ ಹನಿ, ಬಿಸಿಲು, ನೆರಳು, ಆಡುವ ಗಾಳಿ ಮತ್ತು ಕೀಟಗಳು. ಪಂಜರದಲ್ಲಿರುವ ಗೋಸುಂಬೆಗೆ ಬರುವ ಬೇನೆಗಳಲ್ಲಿ ಹೆಚ್ಚಿನವು ಈ ಐದರಲ್ಲಿ ಒಂದು ತಪ್ಪಿದುದರಿಂದಲೇ ಬರುತ್ತವೆ. ಆದರೆ ಯಾವುದು ತಪ್ಪಿತೆಂಬುದನ್ನು ಹೊತ್ತು ಮೀರುವ ಮೊದಲು ಅರಿಯುವುದು ಸುಲಭವಲ್ಲ.

ನಮ್ಮಲ್ಲಿ ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಕೇತವನ್ನೇ ಅನೇಕರು ಗೋಸುಂಬೆಯೆಂದು ಕರೆಯುವುದುಂಟು. ಅದು ಬೇರೆ ಪ್ರಾಣಿ. ನಿಜವಾದ ಗೋಸುಂಬೆಯ, ಎಂದರೆ ಊಸರವಳ್ಳಿಯ, ಬೆರಳುಗಳು ಇಕ್ಕಳದಂತೆ ಎರಡು ಕಟ್ಟಾಗಿ ಕೂಡಿಕೊಂಡು ಕೊಂಬೆಯನ್ನು ಹಿಡಿಯುತ್ತವೆ. ಕಣ್ಣುಗಳು ಒಂದನ್ನೊಂದು ಕಾಯದೆ ಬೇರೆ ಬೇರೆ ದಿಕ್ಕಿಗೆ ಹೊರಳುತ್ತವೆ. ನಾಲಗೆಯು ಮೈಯ ಉದ್ದವನ್ನೂ ಮೀರಿ ಚಿಮ್ಮಿ ಕೀಟವನ್ನು ಹಿಡಿದು ತರುತ್ತದೆ. ಇವುಗಳಲ್ಲಿ ಇನ್ನೂರಕ್ಕಿಂತ ಹೆಚ್ಚು ಜಾತಿಗಳಿದ್ದು, ಸುಮಾರು ಅರ್ಧದಷ್ಟು ಮಡಗಾಸ್ಕರ್ ದ್ವೀಪದಲ್ಲಿವೆ. ಮನೆಗಳಲ್ಲಿ ಇವುಗಳನ್ನು ಸಾಕುವ ಹವ್ಯಾಸ ಅಮೆರಿಕ ಮತ್ತು ಯೂರೋಪುಗಳಲ್ಲಿ ಹೆಚ್ಚು. ಅಲ್ಲಿ ಬಹಳವಾಗಿ ಕಾಣುವುದು ಯೆಮನ್ ಮತ್ತು ಸೌದಿ ಅರೇಬಿಯಗಳ ಮೂಲದ, ತಲೆಯ ಮೇಲೆ ಎತ್ತರವಾದ ಶಿಖೆಯುಳ್ಳ ಮುಸುಕಿನ ಗೋಸುಂಬೆ.

ಬಣ್ಣ ಬದಲಿಸುವವನೆಂದರೆ ನಂಬಿಕೆಗೆ ಅರ್ಹನಲ್ಲದವನೆಂಬ ಅರ್ಥ ನಮ್ಮ ಮಾತಿನಲ್ಲಿ ರೂಢಿಯಾಗಿದೆ. ಪಾಪ, ಪ್ರಾಣಿಗೆ ಆ ಆರೋಪ ಸಲ್ಲದು. 2015ರಲ್ಲಿ ಜಿನೀವ ವಿಶ್ವವಿದ್ಯಾಲಯದ ಮಿಲಿಂಕೊವಿಚ್ ಮತ್ತು ಅವರ ಸಂಗಡಿಗರು ಮಡಗಾಸ್ಕರಿನ ಒಂದು ಜಾತಿಯನ್ನು ಪರೀಕ್ಷಿಸಿ, ಅದರ ಚರ್ಮದ ಕೋಶಗಳಲ್ಲಿ ಅತಿ ಸೂಕ್ಷ್ಮವಾದ ಹರಳುಗಳು ಸಾಲಾಗಿರುವುದನ್ನೂ, ಅವುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾದಾಗ ಬಣ್ಣ ಮಾರ್ಪಡುವುದನ್ನೂ ತೋರಿಸಿಕೊಟ್ಟರು. ಚಳಿ, ಭಯ, ಕೋಪ, ಜೊತೆಯ ಅಪೇಕ್ಷೆ ಇವೆಲ್ಲ ಬಣ್ಣದಲ್ಲಿ ಹೊರಗೆ ಬರುತ್ತವೆ. ಬಣ್ಣದ ವಿಷಯದಲ್ಲಿ ಗೋಸುಂಬೆ ಮುಚ್ಚುಮರೆಯಿಲ್ಲದ ಪ್ರಾಣಿಯೆಂದೇ ಹೇಳಬೇಕು.

ಅದು ಮರೆಮಾಡುವುದು ತನ್ನ ಬೇನೆಯನ್ನು. ಕಾಡಿನಲ್ಲಿ ಹಾವು, ಹಕ್ಕಿಗಳು ಇದರ ಹಗೆಗಳು. ಬಲಗುಂದಿದಂತೆ ಕಂಡ ಪ್ರಾಣಿಯ ಮೇಲೆ ಅವುಗಳ ಕಣ್ಣು ಮೊದಲು ಬೀಳುತ್ತದೆ. ಆದುದರಿಂದ ಗೋಸುಂಬೆಯು ತನ್ನ ಶಕ್ತಿಯಿರುವವರೆಗೂ ಎಂದಿನಂತೆ ಕೊಂಬೆಯ ಮೇಲೆ ಕುಳಿತಿರುತ್ತದೆ. ನೋಡುವವರಿಗೆ ಕಾಯಿಲೆ ಎದ್ದು ಕಾಣುವ ಹೊತ್ತಿಗೆ ಅದು ಬಹಳ ಮುಂದುವರಿದಿರುತ್ತದೆ. ‘ನಿನ್ನೆಯವರೆಗೆ ಚೆನ್ನಾಗಿತ್ತು’ ಎಂದು ಸಾಕುವವರು ಹೇಳುವುದು ಇದರಿಂದಲೇ. ಅದು ನಿನ್ನೆಯೂ ಚೆನ್ನಾಗಿರಲಿಲ್ಲ.

ಹಾಗಾದರೆ ನೋಡಬೇಕಾದುದು ಎಲ್ಲಿ? ಮೊದಲು ಕಣ್ಣು. ಗೋಸುಂಬೆಯು ರಾತ್ರಿ ಕಣ್ಣು ಮುಚ್ಚಿ ನಿದ್ರಿಸುತ್ತದೆ. ಹಗಲಿನಲ್ಲಿ ಅದರ ಕಣ್ಣುಗಳು ಸದಾ ಹೊರಳುತ್ತಲೇ ಇರಬೇಕು. ಹಗಲು ಹೊತ್ತು ಕಣ್ಣು ಮುಚ್ಚಿ ಕುಳಿತ ಗೋಸುಂಬೆ ವಿಶ್ರಮಿಸುತ್ತಿದೆಯೆಂದು ಸಮಾಧಾನ ಪಡುವಂತಿಲ್ಲ. ಕಣ್ಣಿನ ಗೋಪುರ ಒಳಕ್ಕೆ ಕುಸಿದಿದ್ದರೆ ಮೈಯಲ್ಲಿ ನೀರು ಸಾಲದೆಂದು ತಿಳಿಯಬೇಕು. ಇದಕ್ಕೆ ಇನ್ನೊಂದು ಸಾಕ್ಷಿ ಹಿಕ್ಕೆಯಲ್ಲಿದೆ. ಮನೆಯ ಗೋಡೆಯ ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಬಿಳಿಯ ಭಾಗವೊಂದನ್ನು ಎಲ್ಲರೂ ಕಂಡಿರುತ್ತಾರೆ. ಗೋಸುಂಬೆಯಲ್ಲಿಯೂ ಮೂತ್ರದ ಅಂಶವು ಹೀಗೆಯೇ ಗಟ್ಟಿಯಾಗಿ ಬೀಳುತ್ತದೆ. ಅದು ಬಿಳುಪಾಗಿದ್ದರೆ ಸರಿ. ಹಳದಿ ಅಥವಾ ಕಿತ್ತಳೆಯ ಬಣ್ಣಕ್ಕೆ ತಿರುಗಿದ್ದರೆ ನೀರಿನ ಕೊರತೆಯಿದೆ. ವಿಚಿತ್ರವೆಂದರೆ, ಇಂಥ ಪ್ರಾಣಿಯ ಪಂಜರದಲ್ಲಿ ಬಟ್ಟಲು ತುಂಬ ನೀರು ಇದ್ದೀತು. ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ನೀರೆಂದು ಗುರುತಿಸುವುದಿಲ್ಲ. ಎಲೆಯ ಮೇಲೆ ಮಿನುಗುವ, ಜಾರುವ ಹನಿಯನ್ನೇ ಅದು ನೆಕ್ಕುತ್ತದೆ. ಎಲೆಗಳ ಮೇಲೆ ದಿನವೂ ತುಂತುರಾಗಿ ನೀರು ಸಿಂಪಡಿಸುವುದೇ ಇದಕ್ಕೆ ಉಪಾಯ. ಬಾಯಿಗೆ ನೀರು ಸುರಿಯುವುದು ಅಪಾಯಕರ. ಶ್ವಾಸನಾಳದ ಬಾಯಿ ನಾಲಗೆಯ ಬಳಿಯಲ್ಲಿಯೇ ಇರುವುದರಿಂದ ನೀರು ಒಳಗಿಳಿದು ಉಸಿರು ಕಟ್ಟಬಹುದು.

ಸಾಕಿದ ಗೋಸುಂಬೆಗಳನ್ನು ಬಹಳವಾಗಿ ಕಾಡುವುದು ಎಲುಬಿನ ಬೇನೆ. ಪಂಜರದ ಪ್ರಾಣಿಗೆ ಆಹಾರವಾಗಿ ಕೊಡುವ ಚಿಮ್ಮಂಡೆ ಮೊದಲಾದ ಕೀಟಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ಡಿ ಜೀವಸತ್ವ ಬೇಕು; ಬಿಸಿಲಿನ ಅತಿನೇರಳೆ ಕಿರಣ ಚರ್ಮಕ್ಕೆ ತಾಗಿದಾಗ ಅದು ಮೈಯಲ್ಲಿಯೇ ತಯಾರಾಗುತ್ತದೆ. ಎರಡರಲ್ಲಿ ಯಾವುದು ತಪ್ಪಿದರೂ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ. ಹೃದಯ, ಸ್ನಾಯುಗಳು ಅದಿಲ್ಲದೆ ನಡೆಯಲಾರವು. ಆಗ ಶರೀರವು ಬೇರೆ ದಾರಿ ಕಾಣದೆ ತನ್ನ ಎಲುಬುಗಳನ್ನೇ ಕರಗಿಸಿ ಕ್ಯಾಲ್ಸಿಯಂ ತೆಗೆದುಕೊಳ್ಳತೊಡಗುತ್ತದೆ; ಮನೆಯ ತೊಲೆಯನ್ನೇ ಸೀಳಿ ಒಲೆಗೆ ಹಾಕಿದಂತೆ. ಕೊಂಬೆಯ ಹಿಡಿತ ಸಡಿಲವಾಗುತ್ತದೆ, ನಡೆಯುವಾಗ ಮೈ ನಡುಗುತ್ತದೆ, ಚಿಮ್ಮಿದ ನಾಲಗೆ ಗುರಿ ಮುಟ್ಟುವುದಿಲ್ಲ. ಕಡೆಗೆ ದವಡೆ ಮೆತ್ತಗಾಗಿ ಕಾಲೆಲುಬುಗಳು ಬಿಲ್ಲಿನಂತೆ ಬಾಗುತ್ತವೆ. ಬೇಗ ಅರಿತು ಚಿಕಿತ್ಸೆ ಮಾಡಿದರೆ ಪ್ರಾಣಿ ಬದುಕೀತು; ಆದರೆ ಬಾಗಿದ ಎಲುಬು ಮತ್ತೆ ನೇರವಾಗುವುದು ಕಷ್ಟ.

ಇಲ್ಲಿ ಸಾಕುವವರನ್ನು ಮೋಸಗೊಳಿಸುವ ಸಂಗತಿಗಳು ಎರಡು. ಪಂಜರವನ್ನು ಕಿಟಕಿಯ ಬಳಿ ಇಟ್ಟು ಬಿಸಿಲು ಬೀಳುತ್ತಿದೆಯೆಂದು ಅವರು ನೆಮ್ಮದಿಯಾಗಿರುತ್ತಾರೆ. ಆದರೆ ಕಿಟಕಿಯ ಗಾಜು ಬೆಳಕನ್ನು ಬಿಟ್ಟು ಬೇಕಾದ ಕಿರಣವನ್ನೇ ತಡೆಯುತ್ತದೆ. ಬಿಸಿಲಿಗೆ ಬದಲಾಗಿ ಹಾಕುವ ವಿಶೇಷ ದೀಪವಾದರೋ, ಆರು ತಿಂಗಳಿಂದ ಒಂದು ವರ್ಷದೊಳಗೆ ಆ ಕಿರಣವನ್ನು ಬಹಳಮಟ್ಟಿಗೆ ಕಳೆದುಕೊಳ್ಳಬಹುದು. ದೀಪ ಉರಿಯುತ್ತಲೇ ಇರುತ್ತದೆ, ನೋಡುವ ಕಣ್ಣಿಗೆ ಏನೂ ವ್ಯತ್ಯಾಸ ತೋರುವುದಿಲ್ಲ, ಪಂಜರದೊಳಗೆ ಎಲುಬು ಸವೆಯುತ್ತಿರುತ್ತದೆ.

ಮುಸುಕಿನ ಗೋಸುಂಬೆಯ ಹೆಣ್ಣಿಗೆ ಇನ್ನೊಂದು ಕಂಟಕವಿದೆ. ಗಂಡಿನ ಜೊತೆಯಿಲ್ಲದೆಯೂ ಅದು ಮೊಟ್ಟೆಯಿಡುತ್ತದೆ; ಒಂದು ಸಲಕ್ಕೆ ಹಲವು ಹತ್ತು ಮೊಟ್ಟೆಗಳು. ಅವು ಮರಿಯಾಗುವುದಿಲ್ಲವಾದರೂ ಹೊರಗೆ ಬರಲೇಬೇಕು. ಅದಕ್ಕಾಗಿ ಹೆಣ್ಣು ನೆಲಕ್ಕಿಳಿದು, ತನ್ನ ಮೈ ಮರೆಯಾಗುವಷ್ಟು ಆಳವಾದ ಬಿಲವನ್ನು ತೋಡುತ್ತದೆ. ಪಂಜರದ ತಳದಲ್ಲಿ ಹಲಗೆಯೋ ಕಾಗದವೋ ಇದ್ದರೆ ಅದು ಮೂಲೆಮೂಲೆಗಳನ್ನು ಕೆರೆಯುತ್ತದೆ, ಚಡಪಡಿಸುತ್ತದೆ, ಆಹಾರ ಬಿಡುತ್ತದೆ, ಕಡೆಗೆ ಹೊಟ್ಟೆ ಉಬ್ಬಿ ಕಣ್ಣು ಮುಚ್ಚಿ ಕುಳಿತುಬಿಡುತ್ತದೆ. ಮೊಟ್ಟೆಗಳು ಒಳಗೇ ಉಳಿದು ಅನೇಕ ಹೆಣ್ಣುಗಳು ಸಾಯುವುದುಂಟು. ಒಂದು ಅಡಿಯಷ್ಟು ಆಳದ, ಕುಸಿಯದಂತೆ ಹದವಾಗಿ ತೇವಗೊಳಿಸಿದ ಮರಳಿನ ತೊಟ್ಟಿಯೊಂದು ಮೊದಲೇ ಇದ್ದಿದ್ದರೆ ಇವುಗಳಲ್ಲಿ ಹಲವು ಬದುಕುತ್ತಿದ್ದುವು. ಬಿಲ ತೋಡುವಾಗ ತನ್ನನ್ನು ಯಾರೋ ನೋಡುತ್ತಿದ್ದಾರೆಂದು ತಿಳಿದರೂ ಅದು ಕೆಲಸ ನಿಲ್ಲಿಸಬಹುದಾದ್ದರಿಂದ, ಆ ದಿನ ಪಂಜರಕ್ಕೆ ಬಟ್ಟೆಯ ಮರೆ ಕಟ್ಟುವುದು ಒಳ್ಳೆಯದು. ಉಬ್ಬಿದ ಹೆಣ್ಣು ಸೋತು ಕುಳಿತ ಮೇಲೆ ಮನೆಯ ಉಪಾಯಗಳು ನಡೆಯವು; ಪಶುವೈದ್ಯರ ಮದ್ದು ಅಥವಾ ಶಸ್ತ್ರಚಿಕಿತ್ಸೆಯೇ ಬೇಕು.

ಗಾಳಿಯಾಡದ, ತಂಪಾದ, ಸದಾ ಒದ್ದೆಯಾದ ಪಂಜರದಲ್ಲಿ ಶ್ವಾಸಕೋಶದ ಸೋಂಕು ತಗಲುತ್ತದೆ. ಪ್ರಾಣಿಯು ಮೂತಿಯನ್ನು ಮೇಲಕ್ಕೆತ್ತಿ ಬಾಯಿ ತೆರೆದು ಉಸಿರಾಡುತ್ತದೆ. ಬಾಯಲ್ಲಿ ಲೋಳೆ, ನೊರೆಗಳು ಕಾಣುತ್ತವೆ. ಬಿಸಿಲು ಹೆಚ್ಚಾದಾಗಲೂ ಗೋಸುಂಬೆ ಬಾಯಿ ತೆರೆಯುವುದುಂಟು. ನೆರಳಿಗೆ ಬಂದ ಮೇಲೆ ಮುಚ್ಚಿದರೆ ಅದು ಸೆಕೆ, ಮುಚ್ಚದಿದ್ದರೆ ಕಾಯಿಲೆ. ಬಾಯಿಹುಣ್ಣು, ಹೊಟ್ಟೆಯ ಹುಳು ಇವೂ ಬರುತ್ತವೆ. ಮನುಷ್ಯರ ಔಷಧವನ್ನು ಅಂದಾಜಿನಿಂದ ಕೊಟ್ಟು ಗುಣಪಡಿಸಲು ಹೋಗುವುದು ಈ ಪುಟ್ಟ ಪ್ರಾಣಿಯ ಜೀವಕ್ಕೇ ಮುಳುವಾಗಬಹುದು.

ಹವಾಯಿಯ ವ್ಯಾಪಾರಿಯಂತೆ ತೋಟಕ್ಕೆ ಬಿಡುವುದೂ ಪರಿಹಾರವಲ್ಲ. ಅಲ್ಲಿ ಗುಣ ಹೊಂದಿದ ಗೋಸುಂಬೆಗಳು ಇಂದು, ಬೇರೆಲ್ಲಿಯೂ ಇಲ್ಲದ ಆ ದ್ವೀಪಗಳ ಬಸವನಹುಳು ಮತ್ತು ಕೀಟಗಳನ್ನು ತಿನ್ನುತ್ತಿವೆ. ಇನ್ನು ಕರ್ನಾಟಕದ ಕುರುಚಲು ಕಾಡುಗಳಲ್ಲಿಯೂ ಇರುವ ಭಾರತದ ಗೋಸುಂಬೆಯನ್ನು, ಅದೇ 1972ರಲ್ಲಿ ರಚಿತವಾದ ವನ್ಯಜೀವಿ ಸಂರಕ್ಷಣಾ ಕಾಯಿದೆ ರಕ್ಷಿಸುತ್ತದೆ. ಅದನ್ನು ಹಿಡಿದು ಸಾಕುವಂತಿಲ್ಲ. ಗಾಯಗೊಂಡುದು ದಾರಿಯಲ್ಲಿ ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಸರೀಸೃಪಗಳನ್ನು ಬಲ್ಲ ಪಶುವೈದ್ಯರು ಬೇನೆಬಿದ್ದ ಗೋಸುಂಬೆಯನ್ನು ಮುಟ್ಟುವ ಮೊದಲು ಸಾಕುವವರಿಗೆ ಪ್ರಶ್ನೆಗಳನ್ನು ಹಾಕುತ್ತಾರೆ. ದೀಪವನ್ನು ಯಾವ ತಿಂಗಳಲ್ಲಿ ಬದಲಿಸಿದಿರಿ? ಕೊಂಬೆಯ ಬಳಿ ಶಾಖವೆಷ್ಟು, ರಾತ್ರಿ ಎಷ್ಟಕ್ಕೆ ಇಳಿಯುತ್ತದೆ? ಕೀಟಗಳಿಗೆ ಏನನ್ನು ತಿನ್ನಿಸಿದ್ದೀರಿ, ಅವುಗಳ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸುತ್ತಿದ್ದೀರಾ? ಕಳೆದ ವಾರ ತೂಕ ಎಷ್ಟು ಗ್ರಾಂ ಇತ್ತು? ವಾರಕ್ಕೊಮ್ಮೆ ಅಡಿಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ, ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಟ್ಟವರು ಆ ಪುಸ್ತಕವನ್ನೇ ಮೇಜಿನ ಮೇಲೆ ಇಡುತ್ತಾರೆ. ಬಣ್ಣವೂ ನಡೆಯೂ ಎಂದಿನಂತಿದ್ದ ವಾರಗಳಲ್ಲಿಯೇ ತೂಕ ಇಳಿಯತೊಡಗಿದ್ದುದು ಅಲ್ಲಿ ಕಾಣಿಸುತ್ತದೆ.