ಮೊತ್ತ ಸೊನ್ನೆ ಬಂದರೆ ಲೆಕ್ಕ ಸರಿಯೇ? ಲೆಡ್ಜರ್ ವರದಿ ಆದೇಶಗಳ ಒಂದು ಪಾಠ

ತರಗತಿ: 9. ವಿಷಯ: ಗಣಕ ಶಿಕ್ಷಣ. ಅವಧಿ: 2 ಪೀರಿಯಡ್.

ಲೆಡ್ಜರ್ ಎಂಬುದು ಜಾನ್ ವೀಗ್ಲಿ ಅವರು ಬರೆದ ಉಚಿತ ಲೆಕ್ಕಪತ್ರ ತಂತ್ರಾಂಶ. ಇದರಲ್ಲಿ ಒತ್ತಲು ಗುಂಡಿಗಳಿಲ್ಲ. ಜಮಾ-ಖರ್ಚನ್ನು ನಾವೇ ಸಾದಾ ಪಠ್ಯ ಕಡತದಲ್ಲಿ ಬರೆದಿಡಬೇಕು. ಟರ್ಮಿನಲ್‌ನಲ್ಲಿ ವರದಿ ಆದೇಶ ಕೊಟ್ಟರೆ ಅದು ಕಡತವನ್ನು ಓದಿ ಉತ್ತರ ತೋರಿಸುತ್ತದೆಯೇ ಹೊರತು ಕಡತವನ್ನು ಮುಟ್ಟುವುದಿಲ್ಲ. ಆದ್ದರಿಂದ ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದು. ಆದೇಶಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಖಾತೆಗಳ ಹೆಸರು ಕನ್ನಡದಲ್ಲಿರಬಹುದು.

40 ಮಕ್ಕಳು ತಲಾ 150 ರೂಪಾಯಿ ಕೊಟ್ಟು ಪ್ರವಾಸ ಹೋದರೆಂದು ಒಂದು ಕಡತ ಸಿದ್ಧಪಡಿಸಿದ್ದೆ. ಮೊದಲ ನಮೂದು ಹೀಗಿತ್ತು:

2024/12/07 ಮಕ್ಕಳ ವಂತಿಗೆ
    ಆಸ್ತಿ:ನಗದು  6000
    ಆದಾಯ:ವಂತಿಗೆ

ಎರಡನೆಯ ಸಾಲಿನ ಮೊತ್ತ ಬರೆಯದಿದ್ದರೆ ಲೆಡ್ಜರ್ ತಾನೇ -6000 ಎಂದು ತುಂಬಿಕೊಳ್ಳುತ್ತದೆ. ಖಾತೆಯ ಹೆಸರಿಗೂ ಮೊತ್ತಕ್ಕೂ ನಡುವೆ ಕನಿಷ್ಠ ಎರಡು ಸ್ಪೇಸ್ ಬೇಕು. ಒಂದೇ ಬಿಟ್ಟರೆ ಮೊತ್ತವೂ ಹೆಸರಿನೊಳಗೆ ಸೇರಿಹೋಗುತ್ತದೆ. ನನ್ನ ಮೊದಲ ಪೀರಿಯಡ್‌ನ ಹತ್ತು ನಿಮಿಷ ಇದರಲ್ಲೇ ಕಳೆಯಿತು.

ಬ್ಯಾಲೆನ್ಸ್ ಆದೇಶ ಕೊಟ್ಟೆವು. ನಗದು 500, ಬಸ್ 4100, ಊಟ 1000, ಪ್ರವೇಶ ಟಿಕೆಟ್ 400, ವಂತಿಗೆ -6000; ಗೆರೆಯ ಕೆಳಗೆ 0. "ಮಿಸ್, ನಾವು ಕೊಟ್ಟ ದುಡ್ಡು ಮೈನಸ್ ಯಾಕೆ?" ಎಂದು ಒಬ್ಬಳು ಕೇಳಿದಳು. "ಕಂಪ್ಯೂಟರ್ ಹಾಗೇ ತೋರಿಸೋದು" ಎಂದುಬಿಟ್ಟೆ. ಪಾಠ ವೀಕ್ಷಿಸುತ್ತಿದ್ದ ಉಪನ್ಯಾಸಕರು ಅವಲೋಕನ ಪುಸ್ತಕದಲ್ಲಿ ಆ ವಾಕ್ಯವನ್ನಷ್ಟೇ ಬರೆದು ಕೆಳಗೆ ಗೆರೆ ಎಳೆದಿದ್ದರು.

ಮರುದಿನ ಕಂಪ್ಯೂಟರ್ ಹಚ್ಚುವ ಮೊದಲೇ ಆ ಪ್ರಶ್ನೆ ಎತ್ತಿಕೊಂಡೆ. ಹಣ ಎಲ್ಲಿಂದ ಬಂತೋ ಆ ಖಾತೆಗೆ ಮೈನಸ್, ಎಲ್ಲಿಗೆ ಹೋಯಿತೋ ಅದಕ್ಕೆ ಪ್ಲಸ್. ಮೈನಸ್ ಅಂದರೆ ನಷ್ಟವಲ್ಲ, ಹೊರಟ ಜಾಗ. ಪ್ರತಿ ನಮೂದಿನ ಮೊತ್ತ ಸೊನ್ನೆಯಾದ್ದರಿಂದ ಎಲ್ಲವನ್ನೂ ಕೂಡಿದರೂ ಸೊನ್ನೆಯೇ. ಹುಡುಗಿ ತಲೆಯಾಡಿಸಿದಳು. "ಹಾಗಾದ್ರೆ ಸೊನ್ನೆ ಬಂದ್ರೆ ಲೆಕ್ಕ ಸರಿ ಅಲ್ವಾ ಮಿಸ್?" ಎಂದ ಹಿಂದಿನ ಬೆಂಚಿನ ಹುಡುಗ.

ನಾನು ಕಾಯುತ್ತಿದ್ದುದು ಇದೇ ಪ್ರಶ್ನೆಗೆ. ಕಡತದಲ್ಲಿ ಬೇಕೆಂದೇ ಒಂದು ತಪ್ಪು ಇಟ್ಟಿದ್ದೆ. ಬಸ್ಸಿಗೆ ಮಾತಾಡಿದ್ದು 3500 ಎಂದಷ್ಟೇ ಹೇಳಿದೆ. ಬ್ಯಾಲೆನ್ಸ್ ಖಾತೆಯ ಒಟ್ಟು ಮೊತ್ತ ಮಾತ್ರ ಹೇಳುತ್ತದೆ. ಆ ಮೊತ್ತ ಹೇಗೆ ಬಂತೆಂದು ತಿಳಿಯಲು ರಿಜಿಸ್ಟರ್ ಬೇಕು. ರಿಜಿಸ್ಟರ್ ಪದದ ಮುಂದೆ ಖಾತೆಯ ಹೆಸರು 'ಬಸ್' ಎಂದು ಕೊಟ್ಟಾಗ ಎರಡು ಸಾಲು ಬಂದವು. ಮೊದಲನೆಯದು ಬಸ್ ಬಾಡಿಗೆ 3500. ಎರಡನೆಯದು ಹೋಟೆಲ್ 600. ಅದರ ಕೊನೆಯ ಕಾಲಂನಲ್ಲಿ ಅಲ್ಲಿಯವರೆಗಿನ ಮೊತ್ತ 4100.

"ಹೋಟೆಲ್ ಬಿಲ್ಲು ಬಸ್ಸು ಹತ್ತಿದೆ!" ಎಂದು ಇಡೀ ತರಗತಿ ನಕ್ಕಿತು. ಹಿಂದಿನ ಬೆಂಚಿನ ಹುಡುಗನೇ ಬಂದು ಕಡತದಲ್ಲಿ ಆ ಖಾತೆಯನ್ನು ಊಟ ಎಂದು ತಿದ್ದಿ, ಮತ್ತೆ ಬ್ಯಾಲೆನ್ಸ್ ಕೊಟ್ಟ. ಬಸ್ 3500, ಊಟ 1600. ಗೆರೆಯ ಕೆಳಗೆ ಮೊದಲಿನಂತೆಯೇ 0.