ನೀರು ಬಿಡುವ ಮುಂಚಿನ ಕೂಗು

ಮಕ್ಕಳೇ, ಹೋದ ಭಾನುವಾರ ಗಂಜಾಂನಲ್ಲಿ ಪೂಜೆ ಮುಗಿದ ಮೇಲೆ ನಿಮ್ಮಲ್ಲೊಬ್ಬ ಫೋನು ತೆಗೆದು ವಯನಾಡಿನ ಹಳೆಯ ವಿಡಿಯೊ ತೋರಿಸಿದ. ಮಣ್ಣಿನಡಿ ಹೋದ ಮುಂಡಕ್ಕೈ, ಚೂರಲ್‌ಮಲ. ಹಿನ್ನೆಲೆಯಲ್ಲಿ ಯಾರೋ ಬೋಧಕರ ದನಿ: ಇದು ದೇವರ ತೀರ್ಪು, ಪ್ರವಾದಿಗಳು ಸಾರಿದ್ದು ಇದನ್ನೇ ಅಂತ. ನೀವು ಆರೇಳು ಮಂದಿ ತಲೆಯಾಡಿಸಿದಿರಿ. ನಾನು ಅಲ್ಲಿ ಬಾಯಿ ಬಿಡಲಿಲ್ಲ. ಕಿರಂಗೂರಿಗೆ ಬಂದು ಮಲಗಿದರೆ ನಿದ್ದೆ ಹತ್ತಲಿಲ್ಲ. ಅಲ್ಲೇ ಹೇಳಬೇಕಾಗಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ.

ವಯನಾಡಿನ ಗುಡ್ಡ ಕುಸಿದದ್ದು 2024ರ ಜುಲೈ 30ರ ನಡುರಾತ್ರಿ. ಸತ್ತವರಲ್ಲಿ ಕೂಲಿಗೆ ಹೋಗಿದ್ದ ನಮ್ಮ ಮಂಡ್ಯ, ಚಾಮರಾಜನಗರದ ಕಡೆಯವರೂ ಇದ್ದರು. ಅದೇ ದಿನಗಳಲ್ಲಿ ನಮ್ಮ ಹೊಳೆಯೂ ತುಂಬಿ ಹರಿಯಿತು. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿತ್ತು, ಹೊರಕ್ಕೆ ಬಿಡುವ ನೀರು ಲಕ್ಷ ಕ್ಯೂಸೆಕ್ ದಾಟಿತ್ತು. ನಾನು ಆಗ ಗಂಜಾಂನಲ್ಲಿ ನೆಂಟರ ಮನೆಯಲ್ಲಿದ್ದೆ. ಹೊತ್ತು ಮುಳುಗುವಾಗ ಆಟೊಗೆ ಮೈಕು ಕಟ್ಟಿಕೊಂಡು ಒಬ್ಬ ಹುಡುಗ ಹೊಳೆದಂಡೆಯ ಬೀದಿಗೆ ಬಂದ. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಜಗಲಿ ಮೇಲೆ ಕೂತಿದ್ದ ಮುದುಕರೊಬ್ಬರು ಏಳಲಿಲ್ಲ. ‘ಎಷ್ಟು ವರ್ಷದಿಂದ ನೋಡ್ತಿದ್ದೀನಿ ಈ ಹೊಳೆನ, ನಮ್ಮ ಹೊಸ್ತಿಲು ಒಂದು ದಿನಾನೂ ದಾಟಿಲ್ಲ’ ಅಂದರು. ಹುಡುಗ ಆಟೊ ನಿಲ್ಲಿಸಿ ಕೆಳಗಿಳಿದ. ‘ತಾತ, ಗೇಟು ಇನ್ನೂ ಪೂರ್ತಿ ಎತ್ತಿಲ್ಲ. ಅದಕ್ಕೇ ಬಂದಿರೋದು’ ಅಂದ. ಅವರ ತಗಡಿನ ಟ್ರಂಕಿನ ಒಂದು ಹಿಡಿ ತಾನು ಹಿಡಿದ, ಇನ್ನೊಂದನ್ನು ಅವರ ಕೈಗೆ ಕೊಟ್ಟ.

ಪ್ರವಾದಿಗಳನ್ನು ನಾನು ನಲವತ್ತು ವರ್ಷದಿಂದ ಓದುತ್ತಿದ್ದೇನೆ. ಅವರ ಕಾರ್ಯವನ್ನು ಆ ಹುಡುಗನ ಮಾತಿಗಿಂತ ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿಲ್ಲ. ನಾಶವಾಗಲಿ ಅನ್ನುವವನು ಮುಂಚಿತವಾಗಿ ಕೂಗುವುದಿಲ್ಲ. ನಿನೆವೆ ಪಟ್ಟಣಕ್ಕೆ ಯೋನ ಕೊಟ್ಟದ್ದು ನಲವತ್ತು ದಿನದ ಗಡುವು. ಆ ಊರು ಅರಸನಿಂದ ಹಿಡಿದು ಗೋಣಿತಟ್ಟು ಉಟ್ಟಿತು, ಉಳಿಯಿತು. ತನ್ನ ಮಾತು ಸುಳ್ಳಾಯಿತೆಂದು ಯೋನನಿಗೆ ಸಿಟ್ಟು ಬಂತು, ದೇವರಿಗೆ ಬರಲಿಲ್ಲ. ಮೀಕನ ಕತೆ ನಿಮಗೆ ಅಷ್ಟು ಗೊತ್ತಿರಲಾರದು. ಜೆರುಸಲೇಮ್ ಉತ್ತ ಹೊಲದಂತಾಗುತ್ತದೆ ಅಂತ ಅವನು ಎಚ್ಚರಿಸಿದ. ಅರಸ ಹಿಜ್ಕೀಯ ಅವನನ್ನು ಕೊಲ್ಲಿಸಲಿಲ್ಲ, ದೇವರಿಗೆ ಅಂಜಿ ಬೇಡಿಕೊಂಡ, ಊರು ಉಳಿಯಿತು. ಸುಮಾರು ನೂರು ವರ್ಷ ಕಳೆದ ಮೇಲೆ ಯೆರೆಮೀಯನನ್ನು ಕೊಲ್ಲಬೇಕೆಂದು ಜನ ಮುತ್ತಿದಾಗ, ಕೆಲವು ಹಿರಿಯರು ಎದ್ದು ನಿಂತು ಈ ಹಳೆಯ ಸಂಗತಿಯನ್ನು ನೆನಪಿಸಿದರು. ಊರಿನ ಹಿರಿಯರಿಗೆ ನೆನಪು ಇರಬೇಕಾದದ್ದು ಇಂಥ ಹೊತ್ತಿಗೇ.

ಹಾಗಾದರೆ ಆ ವಿಡಿಯೊದಲ್ಲಿ ಏನು ತಪ್ಪು? ಆಮೋಸನ ಪುಸ್ತಕ ಬಿಚ್ಚಿ ನೋಡಿ. ಅವನು ತೆಕೋವದ ಕುರಿಗಾಹಿ, ಅತ್ತಿಮರ ನೋಡಿಕೊಳ್ಳುತ್ತಿದ್ದವನು. ಯೆಹೂದದಿಂದ ಹೊರಟು ಉತ್ತರದ ಬೇತೇಲಿಗೆ ಹೋಗಿ ನಿಂತ. ಮೊದಲು ದಮಸ್ಕದ ಪಾಪ ಎಣಿಸಿದ, ಆಮೇಲೆ ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಎಲ್ಲವೂ ನೆರೆಹೊರೆಯ ಶತ್ರುಗಳು. ಬೇತೇಲಿನ ಜನ ಒಂದೊಂದಕ್ಕೂ ಭೇಷ್ ಅಂದಿರಬೇಕು. ಏಳನೆಯದಾಗಿ ಅವನ ಸ್ವಂತ ನಾಡು ಯೆಹೂದದ ಸರದಿ. ಎಂಟನೆಯದು ಎದುರಿಗೆ ಕೂತಿದ್ದವರದೇ. ಅಲ್ಲಿಗೆ ಬಂದ ಮೇಲೆ ಆಮೋಸ ಬೇಗ ಮುಗಿಸುವುದಿಲ್ಲ. ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರಿದ್ದು, ಅಳತೆ ಕುಗ್ಗಿಸಿ ಬೆಲೆ ಹಿಗ್ಗಿಸಿದ್ದು, ಗೋದಿಯ ಜೊತೆ ಕಸ ತೂಗಿದ್ದು, ಹಬ್ಬ ಯಾವಾಗ ಮುಗಿದೀತು ವ್ಯಾಪಾರ ಯಾವಾಗ ಶುರುವಾದೀತು ಅಂತ ಕಾದದ್ದು, ಪುಸ್ತಕ ಮುಗಿಯುವವರೆಗೂ ಆ ಮನೆಯ ಲೆಕ್ಕವೇ. ಗುಡಿಯ ಯಾಜಕ ಅಮಚ್ಯ ಬಂದು, ನಿನ್ನೂರಿಗೆ ಹೋಗಿ ಹೊಟ್ಟೆ ಹೊರೆದುಕೋ ಅಂದ. ಹೆಚ್ಚು ಕಾಲ ಹಿಡಿಯಲಿಲ್ಲ, ಕ್ರಿ.ಪೂ. 722ರಲ್ಲಿ ಸಮಾರ್ಯ ಬಿತ್ತು.

ನಮ್ಮ ಯೇಸುಸ್ವಾಮಿಯ ಬಳಿಯೂ ಜನ ಇಂಥದೇ ಸುದ್ದಿ ಹೊತ್ತು ಬಂದಿದ್ದರು. ಸಿಲೊವಾಮಿನ ಗೋಪುರ ಬಿದ್ದು ಹದಿನೆಂಟು ಜನ ಸತ್ತದ್ದನ್ನು ಯೇಸುವೇ ಎತ್ತಿ, ಸತ್ತವರು ಊರಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೋ ಅಂತ ಕೇಳಿದರು. ಅಲ್ಲ ಅಂತ ತಾವೇ ಹೇಳಿದರು. ನೀವು ತಿರುಗಿಕೊಳ್ಳದಿದ್ದರೆ ನಿಮಗೂ ಅದೇ ಗತಿ ಅಂದರು. ಇಷ್ಟು ಸ್ಪಷ್ಟವಾಗಿ ಹೇಳಿಸಿಕೊಂಡ ಮೇಲೂ ಕೆಸರಿನಲ್ಲಿ ಮಗುವನ್ನು ಹುಡುಕುತ್ತಿರುವ ತಾಯಿಯ ಮೇಲೆ ತೀರ್ಪು ಹೊರಿಸಲು ನಮಗೆ ಹೇಗೆ ಬಾಯಿ ಬರುತ್ತದೆ?

ನೀವು ನಿಂತಿದ್ದ ನೆಲವನ್ನೇ ನೋಡಿ. 1784ರಲ್ಲಿ ಟಿಪ್ಪು ಸುಲ್ತಾನರು ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ ಈ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ತಂದರು. ಇಂಗ್ಲಿಷರಿಗೆ ನೆರವಾದರೆಂಬುದು ಆಪಾದನೆ. ಮುದುಕರು, ಬಸುರಿಯರು, ಎಳೆಯ ಮಕ್ಕಳು ದಾರಿಯಲ್ಲೇ ಸತ್ತರು. 1799ರ ಮೇ 4ರಂದು ಕೋಟೆ ಬೀಳುವವರೆಗೆ ಹದಿನೈದು ವರ್ಷದ ಸೆರೆ. ಅವರ ಸಂಕಟ ದೇವರ ತೀರ್ಪು ಅಂತ ಇನ್ನೊಬ್ಬರು ನಮಗೆ ಹೇಳಿದರೆ ನಾವು ತಡೆದುಕೊಳ್ಳುತ್ತೇವೆಯೆ? ಇನ್ನೊಂದು ಮಾತು. ಆ ಹದಿನೈದು ವರ್ಷವನ್ನು ಇವತ್ತಿನ ನೆರೆಯವರ ಮುಂದೆ ಸಾಲಪತ್ರದಂತೆ ಹಿಡಿಯುವವರೂ ಈಗ ಇದ್ದಾರೆ. ನೀವು ಅದಕ್ಕೆ ಕೈಜೋಡಿಸಬೇಡಿ. ಬಾಬಿಲೋನಿನ ಸೆರೆಯಲ್ಲಿದ್ದವರಿಗೆ ಯೆರೆಮೀಯ ಬರೆದ ಕಾಗದ ಓದಿ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನಿಮ್ಮನ್ನು ಎಳೆದೊಯ್ದ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಅಂತ ಅವನ ಬುದ್ಧಿವಾದ. ಕೋಟೆ ಬಿದ್ದ ಮೇಲೆ ಇಲ್ಲಿಗೆ ಬಂದ ಅಬ್ಬೆ ದುಬಾಯ್ ಅವರು ಚದುರಿಹೋದವರನ್ನು, ಬಲವಂತಕ್ಕೆ ವಿಶ್ವಾಸ ಬಿಟ್ಟವರನ್ನು ಮತ್ತೆ ಕೂಡಿಸಿದರು. ಸಿಡುಬಿಗೆ ಲಸಿಕೆ ಹಾಕುವ ಕೆಲಸವನ್ನೂ ಈ ಸೀಮೆಯಲ್ಲಿ ಹರಡಿದರು. ಜನ ಅವರನ್ನು ದೊಡ್ಡಸ್ವಾಮಿ ಅಂತ ಕರೆದದ್ದು ಸುಮ್ಮನೆ ಅಲ್ಲ.

ನೆರೆಯವರ ಮಾತು ಇಷ್ಟಕ್ಕೆ ಬಿಡೋಣ, ನಮ್ಮ ಮನೆಯ ಲೆಕ್ಕಕ್ಕೆ ಬನ್ನಿ. ಹೇಳಲು ನನ್ನ ಕೈ ನಡುಗುತ್ತದೆ.

ಆಲೆಮನೆ ಅಂದರೆ ನಮ್ಮ ಕಡೆಯ ಮಕ್ಕಳಿಗೆ ಸ್ವರ್ಗ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ವಾಸನೆ ಅರ್ಧ ಮೈಲಿ ದೂರಕ್ಕೆ ಎಳೆಯುತ್ತಿತ್ತು. ಗಾಣದವರು ಲೋಟಕ್ಕೆ ಕಬ್ಬಿನ ಹಾಲು ಬಗ್ಗಿಸಿ, ದುಡ್ಡು ಕೇಳದೆ ಕೊಡುತ್ತಿದ್ದರು. 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಒಂದು ಜಾಲವನ್ನು ಬಯಲಿಗೆಳೆದಾಗ, ನಮ್ಮ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟಿದ್ದರೆಂದು ಗೊತ್ತಾಯಿತು. ಬಸುರಿಯರನ್ನು ಗುಟ್ಟಾಗಿ ಅಲ್ಲಿಗೆ ಕರೆತರುವುದು, ಹೊಟ್ಟೆಯಲ್ಲಿರುವುದು ಹೆಣ್ಣು ಅಂತ ತಿಳಿದರೆ ಗರ್ಭ ತೆಗೆಸಲು ಮುಂದಕ್ಕೆ ಸಾಗಿಸುವುದು. ಮರುವರ್ಷ ಪಾಂಡವಪುರದಿಂದಲೂ ಅಂಥದೇ ಸುದ್ದಿ ಬಂತು. ಲಿಂಗಪತ್ತೆ ನಿಷೇಧಿಸಿದ ಕಾನೂನು 1994ರದು. ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಯೆರೆಮೀಯನ ಕಾಲದಲ್ಲಿ ಜೆರುಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯಲ್ಲಿ ಜನ ತಮ್ಮ ಮಕ್ಕಳನ್ನು ಬೆಂಕಿಗೆ ಕೊಡುತ್ತಿದ್ದರು. ಅವನು ಕುಂಬಾರನ ಒಂದು ಹೂಜಿ ಕೊಂಡು, ಹಿರಿಯರನ್ನೂ ಯಾಜಕರನ್ನೂ ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋದ. ಎಲ್ಲರ ಕಣ್ಣೆದುರು ಅದನ್ನು ಒಡೆದ. ಯೇಸು ನರಕಕ್ಕೆ ಬಳಸಿದ ಗೆಹೆನ್ನ ಎಂಬ ಪದ ಹುಟ್ಟಿದ್ದು ಆ ಕಣಿವೆಯ ಹೆಸರಿನಿಂದಲೇ. ಮಕ್ಕಳು ಸಾಯುತ್ತಿದ್ದ ಒಂದು ಜಾಗವನ್ನು ಬೆರಳು ಮಾಡಿ ತೋರಿಸಿದ ಹೆಸರದು.

ಇದೆಲ್ಲ ಬೇರೆಯವರ ಪಾಪ, ನಮ್ಮವರು ಹಾಗಲ್ಲ ಅನ್ನಬೇಡಿ. ನನ್ನ ಮಗ ಹುಟ್ಟಿದ ದಿನ ಇಡೀ ಬೀದಿಗೆ ಮೈಸೂರುಪಾಕು ಹಂಚಿದೆ. ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು. ನಾನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ. ಪರವಾಗಿಲ್ಲ ಬಿಡಿ ಅಂತ ಒಬ್ಬರು ಸಮಾಧಾನ ಹೇಳಿದರು, ನಾನು ತಲೆಯಾಡಿಸಿದೆ. ಒಳಗೆ ಮಲಗಿದ್ದ ಅವಳ ತಾಯಿಗೆ ಅದು ಕೇಳಿಸಿತ್ತಂತೆ. ಬಹಳ ವರ್ಷ ಆದ ಮೇಲೆ ಹೇಳಿದಳು. ಪಾಪನಿವೇದನೆಯಲ್ಲಿ ಅದನ್ನು ಹೇಳಿ ಆಗಿದೆ. ಆದರೂ ಆ ತಲೆಯಾಡಿಸಿದ್ದು, ಹೋದ ಭಾನುವಾರ ನೀವು ತಲೆಯಾಡಿಸಿದ್ದು, ಎರಡೂ ಒಂದೇ ಥರ ನನ್ನ ಕಣ್ಣಿಗೆ ಕಟ್ಟಿದವು. ಆಲೆಮನೆಯ ಯಂತ್ರ ಓಡುವುದು ಇಂಥ ತಲೆಯಾಡಿಸುವಿಕೆಯಿಂದ.

ನಿಮ್ಮಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು ನರ್ಸಿಂಗ್ ಓದುತ್ತಿದ್ದೀರಿ, ಒಬ್ಬ ಲ್ಯಾಬ್ ಕೆಲಸ ಕಲಿಯುತ್ತಿದ್ದಾನೆ, ಇಬ್ಬರು ಕಾರು ಓಡಿಸುತ್ತೀರಿ. ಯೆಜೆಕಿಯೇಲನ ಮೂವತ್ತಮೂರನೆಯ ಅಧ್ಯಾಯ ನಿಮಗಾಗಿಯೇ ಬರೆದಂತಿದೆ. ಕತ್ತಿ ಬರುವುದನ್ನು ಕಂಡು ಕಾವಲುಗಾರ ಕೊಂಬು ಊದಿದರೆ, ಕೇಳದವನ ಪ್ರಾಣಕ್ಕೆ ಅವನೇ ಹೊಣೆ. ಊದದಿದ್ದರೆ ಆ ರಕ್ತದ ಲೆಕ್ಕ ಕಾವಲುಗಾರನ ತಲೆಗೆ. ನಾಳೆ ನಿಮ್ಮ ಆಸ್ಪತ್ರೆಯ ಹಿಂಬಾಗಿಲಲ್ಲಿ ಏನಾದರೂ ಕಂಡರೆ, ನಿಮ್ಮ ಕಾರಿಗೆ ರಾತ್ರಿ ಹೊತ್ತು ಅಳುತ್ತಿರುವ ಬಸುರಿಯೊಬ್ಬಳನ್ನು ಹತ್ತಿಸಿದರೆ, ನನಗೇಕೆ ಅನ್ನಬೇಡಿ. ಕೆಲಸ ಹೋದೀತೆಂಬ ಭಯ ಇದ್ದೇ ಇರುತ್ತದೆ. ಒಬ್ಬರೇ ಹೋಗಬೇಡಿ, ನನ್ನ ಹತ್ತಿರ ಬನ್ನಿ, ಜೊತೆಗೆ ಹೋಗಿ ದೂರು ಕೊಡೋಣ. ಈ ವಯಸ್ಸಿನಲ್ಲಿ ನನ್ನಿಂದ ಕಿತ್ತುಕೊಳ್ಳುವ ಕೆಲಸವೂ ಇಲ್ಲ.

ಜಮೀನಿನ ವಿಷಯ ಒಂದು ಮಾತು. 2023ರಲ್ಲಿ ಹೊಸ ದಶಪಥ ರಸ್ತೆ ತೆರೆದ ಮೇಲೆ ಇಲ್ಲಿ ಎಲ್ಲರ ಬಾಯಲ್ಲೂ ಸೈಟು, ಗುಂಟೆ. ಮನೆಗೆ ಮನೆ, ಹೊಲಕ್ಕೆ ಹೊಲ ಕೂಡಿಸಿಕೊಂಡು ಇನ್ನೊಬ್ಬನಿಗೆ ಕಾಲಿಡಲು ಜಾಗ ಬಿಡದವರ ಮೇಲೆ ಯೆಶಾಯ ಐದನೆಯ ಅಧ್ಯಾಯದಲ್ಲಿ ಗೋಳಿಟ್ಟಿದ್ದಾನೆ. ಅಕ್ಕತಂಗಿಯರ ಪಾಲಿಗೆ ಸಹಿ ಹಾಕಿಸಿಕೊಳ್ಳುವ ಮುಂಚೆ ಅದನ್ನೊಮ್ಮೆ ಓದಿ.

ಪ್ರವಾದಿಗಳು ಪಶ್ಚಾತ್ತಾಪಕ್ಕೆ ಬಳಸಿದ ಹೀಬ್ರೂ ಪದ ಶೂಬ್. ದಾರಿಯಲ್ಲಿ ಹೋಗುವವನು ಹಿಂದಿರುಗುವುದಕ್ಕೂ ಅದೇ ಪದ. ನಮ್ಮ ಕಿರಂಗೂರು ವೃತ್ತದಲ್ಲಿ ಪಾಂಡವಪುರದ ತಿರುವು ತಪ್ಪಿಸಿಕೊಂಡು ಮೈಸೂರಿನ ಕಡೆ ಹೋದ ವಾಹನಗಳನ್ನು ದಿನಾ ನೋಡುತ್ತೇನೆ. ಕೆಲವರು ಸ್ವಲ್ಪ ದೂರದಲ್ಲೇ ನಿಲ್ಲಿಸಿ ಟೀ ಅಂಗಡಿಯವರನ್ನು ಕೇಳಿ ತಿರುಗಿಸಿಕೊಂಡು ಬರುತ್ತಾರೆ. ಕೇಳಲು ನಾಚಿಕೆಪಟ್ಟವರು ಹೊಳೆ ದಾಟಿ ಹೋಗುತ್ತಾರೆ. ಎಷ್ಟು ಅತ್ತೆವು ಅನ್ನುವುದಕ್ಕಿಂತ ಯಾವ ಕಡೆ ಮುಖ ಮಾಡಿ ನಡೆದೆವು ಅನ್ನುವುದು ಆ ಪದದ ಅರ್ಥ.

ಕೇಳಲೊಲ್ಲದ ಒಬ್ಬನ ಕತೆಯೂ ಇದೆ. ಯೆರೆಮೀಯನ ಮಾತನ್ನು ಬಾರೂಕ ಸುರುಳಿಯಲ್ಲಿ ಬರೆದಿದ್ದ. ಚಳಿಗಾಲ, ಅರಸ ಯೆಹೋಯಾಕೀಮ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದಾನೆ. ಮೂರು ನಾಲ್ಕು ಅಂಕಣ ಓದಿಸುವುದು, ಚೂರಿಯಿಂದ ಅಷ್ಟನ್ನು ಕತ್ತರಿಸಿ ಕೆಂಡಕ್ಕೆ ಹಾಕುವುದು, ಸುರುಳಿ ಮುಗಿಯುವವರೆಗೂ ಹೀಗೆ. ಸುತ್ತ ನಿಂತವರಲ್ಲಿ ಬೇಡವೆಂದು ತಡೆದವರು ಮೂವರು, ಉಳಿದವರಾರೂ ಬೆದರಲಿಲ್ಲ. ಬಾರೂಕ ಇನ್ನೊಂದು ಸುರುಳಿ ತೆಗೆದುಕೊಂಡು ಮೊದಲಿಂದ ಬರೆದ. ಈ ಸಲ ಮಾತು ಇನ್ನಷ್ಟು ಹೆಚ್ಚಾಗಿತ್ತು.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಹೋಗಿಬಿಡಬೇಡಿ. ಚರ್ಚಿನ ಹಿಂದಿನ ಮರದಡಿ ಕೂರೋಣ. ಬೈಬಲ್ ತನ್ನಿ, ಆಮೋಸನನ್ನು ಓದೋಣ. ಎರಡನೆಯ ಅಧ್ಯಾಯ, ನಾಲ್ಕನೆಯ ವಾಕ್ಯದಿಂದ.