ಮಾತು ಕೇಳುವ ಪೆಟ್ಟಿಗೆ

ಮನೆಯೊಂದರಲ್ಲಿ ಕೆಲವು ವಸ್ತುಗಳು ಒಬ್ಬೊಬ್ಬರಿಗೆ ಸೇರಿದವು. ಕೆಲವು ಎಲ್ಲರಿಗೂ ಸೇರಿದವು. ಕನ್ನಡಕವು ಅಜ್ಜನದು, ಪುಸ್ತಕದ ಚೀಲವು ಮಗುವಿನದು; ಗೋಡೆಯ ಗಡಿಯಾರ, ಬಾವಿಯ ಹಗ್ಗ, ದೇವರ ಮನೆಯ ದೀಪ ಇವು ಎಲ್ಲರವು. ಎಲ್ಲರ ವಸ್ತುವೆಂದ ಮಾತ್ರಕ್ಕೆ ಅದರ ಮೇಲೆ ಎಲ್ಲರಿಗೂ ಸಮಾನವಾದ ಅಧಿಕಾರವಿದೆಯೆಂದು ತಿಳಿಯಲಾಗದು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅನಂತರದ ದಶಕಗಳಲ್ಲಿ ನಾಡಿನ ಅನೇಕ ಮನೆಗಳ ಪಡಸಾಲೆಗೆ ರೇಡಿಯೋ ಬಂದಿತು. ಮನೆಮಂದಿಯೆಲ್ಲರೂ, ಕೆಲವೊಮ್ಮೆ ನೆರೆಹೊರೆಯವರೂ ಅದರ ಸುತ್ತ ಕುಳಿತು ಕೇಳುತ್ತಿದ್ದರು. ಆದರೆ ಗುಂಡಿಯನ್ನು ತಿರುಗಿಸುವ ಹಕ್ಕು ಸಾಮಾನ್ಯವಾಗಿ ಯಜಮಾನನದಾಗಿರುತ್ತಿತ್ತು. ವಾರ್ತೆಯ ವೇಳೆಯಾದೊಡನೆ ಚಿತ್ರಗೀತೆಯು ಅರ್ಧದಲ್ಲಿಯೇ ನಿಂತುಹೋಗುತ್ತಿತ್ತು.

ಈಗ ಅದೇ ಪಡಸಾಲೆಗೆ ತಿರುಗಿಸುವ ಗುಂಡಿಯ ಅಗತ್ಯವೇ ಇಲ್ಲದ ಪೆಟ್ಟಿಗೆಯೊಂದು ಬಂದಿದೆ. ಇದನ್ನು ಸ್ಮಾರ್ಟ್ ಸ್ಪೀಕರ್ ಎಂದು ಕರೆಯುತ್ತಾರೆ. ಅಮೆಜಾನ್ ಸಂಸ್ಥೆಯ 'ಎಕೋ' ಎಂಬ ಯಂತ್ರವು 2014ರಲ್ಲಿ ಅಮೆರಿಕದಲ್ಲಿಯೂ 2017ರಲ್ಲಿ ಭಾರತದಲ್ಲಿಯೂ ಬಳಕೆಗೆ ಬಂದಿತು. ಗೂಗಲ್ ಸಂಸ್ಥೆಯ ಇಂಥದೇ ಯಂತ್ರವು 2018ರಲ್ಲಿ ಇಲ್ಲಿಗೆ ಕಾಲಿಟ್ಟಿತು. ಹಾಡೆಂದರೆ ಹಾಡುತ್ತದೆ, ಹವಾಮಾನವನ್ನು ಕೇಳಿದರೆ ಹೇಳುತ್ತದೆ, ಇಷ್ಟು ಹೊತ್ತಿಗೆ ಎಬ್ಬಿಸು ಎಂದರೆ ಎಬ್ಬಿಸುತ್ತದೆ. ಬಾಯಿಯುಳ್ಳವರೆಲ್ಲರೂ ಇದಕ್ಕೆ ಒಡೆಯರು. ಇದರ ಸೊಗಸೂ ತೊಡಕೂ ಎರಡೂ ಇಲ್ಲಿಯೇ ಇವೆ.

ಈ ಪೆಟ್ಟಿಗೆಯು ಕೇಳುವ ಬಗೆಯನ್ನು ಮೊದಲು ತಿಳಿಯಬೇಕು. ಮೊದಲ 'ಎಕೋ' ಯಂತ್ರದಲ್ಲಿ ಏಳು ಧ್ವನಿಗ್ರಾಹಕಗಳಿದ್ದವು: ಆರು ವೃತ್ತಾಕಾರವಾಗಿ, ಒಂದು ನಡುವೆ. ಶಬ್ದವು ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ದೂರ ಸಾಗುತ್ತದೆಂದು ನೀವು ವಿಜ್ಞಾನದಲ್ಲಿ ಓದಿರುತ್ತೀರಿ. ಮಾತನಾಡುವವರಿಂದ ಒಂದು ಗ್ರಾಹಕವು ಇನ್ನೊಂದಕ್ಕಿಂತ 3.4 ಸೆಂಟಿಮೀಟರ್ ಹೆಚ್ಚು ದೂರದಲ್ಲಿದ್ದರೆ, ಧ್ವನಿಯು ಅದನ್ನು ಒಂದು ಸೆಕೆಂಡಿನ ಹತ್ತುಸಾವಿರದ ಒಂದು ಭಾಗದಷ್ಟು ತಡವಾಗಿ ಮುಟ್ಟುತ್ತದೆ. ಇಷ್ಟು ಅಲ್ಪವಾದ ಅಂತರದಿಂದಲೇ ಯಂತ್ರವು ಮಾತು ಬಂದ ದಿಕ್ಕನ್ನು ಗುರುತಿಸಿ, ಕುಕ್ಕರಿನ ಸೀಟಿ, ಬೀದಿಯ ಗದ್ದಲಗಳ ನಡುವೆಯೂ ಆ ಕಡೆಗೆ ಕಿವಿಗೊಡುತ್ತದೆ. ಸದಾಕಾಲವೂ ಅದು ಕಾಯುವುದು ತನ್ನನ್ನು ಕರೆಯುವ ಒಂದು ಪದಕ್ಕಾಗಿ. ಆ ಕರೆಪದವನ್ನು ಯಂತ್ರವು ತಾನೇ ಗುರುತಿಸುತ್ತದೆ. ಅಲ್ಲಿಂದ ಮುಂದಿನ ಮಾತು ಅಂತರ್ಜಾಲದ ಮೂಲಕ ದೂರದ ಗಣಕಗಳಿಗೆ ಹೋಗಿ, ಅಲ್ಲಿಂದ ಉತ್ತರವು ಮರಳಿ ಬರುತ್ತದೆ. ಪೆಟ್ಟಿಗೆಯ ಮೇಲೆ ಬೆಳಕು ಹೊತ್ತಿಕೊಂಡರೆ ಮಾತು ಮನೆಯಿಂದ ಹೊರಗೆ ಹೊರಟಿದೆಯೆಂದು ಅರ್ಥ.

ಮಾತನ್ನು ಗುರುತಿಸುವ ಯಂತ್ರಗಳು ಹಿಂದೆ ಇಷ್ಟು ಉದಾರವಾಗಿರಲಿಲ್ಲ. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಿರ್ಮಿತವಾದ 'ಆಡ್ರಿ' ಎಂಬ ಯಂತ್ರವು ಅಂಕಿಗಳನ್ನು ಮಾತ್ರ ಗುರುತಿಸುತ್ತಿತ್ತು. ಅದನ್ನೂ ಒಬ್ಬನ ಧ್ವನಿಗೆ ಹೊಂದಿಸಿಡಬೇಕಾಗಿತ್ತು. ಪರಿಚಯವಿಲ್ಲದ ಧ್ವನಿ ಬಂದರೆ ತಪ್ಪುಗಳು ಹೆಚ್ಚುತ್ತಿದ್ದವು. ಒಬ್ಬನ ಮಾತನ್ನು ಮಾತ್ರ ಬಲ್ಲ ಯಂತ್ರವನ್ನು ಯಾರ ಮಾತನ್ನಾದರೂ ಬಲ್ಲ ಯಂತ್ರವನ್ನಾಗಿ ಮಾಡಲು ವಿಜ್ಞಾನಿಗಳಿಗೆ ಹಲವು ದಶಕಗಳ ಕಾಲ ಹಿಡಿಯಿತು. ಆ ಸಿದ್ಧಿ ದೊರೆತ ಕೂಡಲೇ ವಿರುದ್ಧವಾದ ಪ್ರಶ್ನೆ ಎದ್ದಿತು: ಯಾರ ಮಾತನ್ನಾದರೂ ನಡೆಸಿಕೊಡಬಹುದೆ?

2017ರ ಜನವರಿಯಲ್ಲಿ ಅಮೆರಿಕದ ಡಲ್ಲಾಸ್ ನಗರದ ಆರು ವರ್ಷದ ಬಾಲಕಿಯೊಬ್ಬಳ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಅವಳು ಪೆಟ್ಟಿಗೆಯೊಡನೆ ಗೊಂಬೆಮನೆಯ ಮಾತನ್ನೂ ಬಿಸ್ಕತ್ತಿನ ಮಾತನ್ನೂ ಆಡಿದ್ದಳು. ಸ್ವಲ್ಪ ಕಾಲದಲ್ಲಿಯೇ ದುಬಾರಿಯಾದ ಗೊಂಬೆಮನೆಯೂ ಸುಮಾರು ಎರಡು ಕಿಲೋಗ್ರಾಂ ಬಿಸ್ಕತ್ತೂ ಬಾಗಿಲಿಗೆ ಬಂದವು. ಕತೆ ಅಲ್ಲಿಗೇ ಮುಗಿಯಲಿಲ್ಲ. ಸ್ಯಾನ್ ಡಿಯಾಗೋ ನಗರದ ದೂರದರ್ಶನ ಕೇಂದ್ರವೊಂದರ ವಾರ್ತಾವಾಚಕನು ಈ ಸುದ್ದಿಯನ್ನು ಓದುತ್ತ ಬಾಲಕಿಯ ಮಾತನ್ನು ಪುನರುಚ್ಚರಿಸಿದನು. ಅದನ್ನು ಕೇಳಿ ತಮ್ಮ ಮನೆಯ ಪೆಟ್ಟಿಗೆಗಳೂ ಗೊಂಬೆಮನೆಯನ್ನು ತರಿಸಲು ಹೊರಟವೆಂದು ಕೆಲವು ವೀಕ್ಷಕರು ದೂರಿದರು! ಇಂಥದನ್ನು ತಡೆಯಲು ನಾಲ್ಕಂಕಿಯ ಗುಪ್ತಸಂಖ್ಯೆಯ ಏರ್ಪಾಡುಂಟು. ಆದರೆ ಪಡಸಾಲೆಯಲ್ಲಿ ಗಟ್ಟಿಯಾಗಿ ಹೇಳಬೇಕಾದ ಸಂಖ್ಯೆಯು ಎಷ್ಟು ದಿನ ಗುಪ್ತವಾಗಿರಬಲ್ಲದು?

ಅದೇ 2017ರಲ್ಲಿ ಎರಡೂ ಸಂಸ್ಥೆಗಳು ಧ್ವನಿಯಿಂದಲೇ ಆಳನ್ನು ಗುರುತಿಸುವ ಕ್ರಮವನ್ನು ತಂದವು. ಗೂಗಲ್‌ನ ಯಂತ್ರವು ಆರು ಮಂದಿಯವರೆಗೆ ನೆನಪಿಡುತ್ತಿತ್ತು. ಅವಿಭಕ್ತ ಕುಟುಂಬಗಳನ್ನು ಕಂಡ ನಮಗೆ ಈ ಆರೆಂಬ ಸಂಖ್ಯೆ ಅಷ್ಟು ದೊಡ್ಡದಾಗಿ ತೋರದು. ಗಂಟಲಿನ ಆಕಾರ, ಸ್ವರತಂತುಗಳ ಉದ್ದ, ಉಚ್ಚಾರಣೆಯ ರೂಢಿ ಇವುಗಳಿಂದ ಪ್ರತಿಯೊಬ್ಬರ ಧ್ವನಿಗೂ ಒಂದು ಚಹರೆ ಒದಗುತ್ತದೆ; ಯಂತ್ರವು ಅದನ್ನು ಗುರುತಿಟ್ಟುಕೊಳ್ಳುತ್ತದೆ. ಆದರೂ ನೆಗಡಿಯಾದಾಗ ಧ್ವನಿ ಬದಲಾಗುವುದುಂಟು. ಒಡಹುಟ್ಟಿದವರ ಧ್ವನಿ ಹೋಲುವುದುಂಟು. 2017ರಲ್ಲಿ ಬಿ.ಬಿ.ಸಿ.ಯ ವರದಿಗಾರನೊಬ್ಬನು ಬ್ಯಾಂಕಿನ ದೂರವಾಣಿ ಸೇವೆಗೆ ತನ್ನ ಧ್ವನಿಯನ್ನೇ ಬೀಗದ ಕೈಯಾಗಿ ಇಟ್ಟನು. ಅವನ ಅವಳಿ ಸಹೋದರನು ಅದೇ ಧ್ವನಿಯನ್ನು ಅನುಕರಿಸಿ, ಕೆಲವು ಯತ್ನಗಳ ಬಳಿಕ ಒಳಹೊಕ್ಕನು.

ಆದರೆ ಕಿಡಿಗೇಡಿತನಕ್ಕಿಂತ ಗಂಭೀರವಾದ ವಿಷಯವು ಬೇರೆ ಇದೆ. ಬೆಂಗಳೂರಿನದೋ ಧಾರವಾಡದದೋ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅಜ್ಜಿ ಬೆಳಿಗ್ಗೆ ದೇವರನಾಮವನ್ನು ಕೇಳುತ್ತಾಳೆ. ಮಗನು ಕ್ರಿಕೆಟ್ಟಿನ ಅಂಕವನ್ನು ವಿಚಾರಿಸುತ್ತಾನೆ. ಸೊಸೆಯು ಮನೆಯಲ್ಲಿ ಯಾರೂ ಇಲ್ಲದ ಹೊತ್ತು ತನ್ನ ತವರೂರಿಗೆ ಹೋಗುವ ರೈಲಿನ ವೇಳೆಯನ್ನು ಕೇಳುತ್ತಾಳೆ. ಮಗಳು ಯಾರಲ್ಲಿಯೂ ಹೇಳಿಕೊಳ್ಳಲಾರದ ದೇಹದ ಬಾಧೆಯೊಂದರ ಬಗ್ಗೆ ಪ್ರಶ್ನಿಸುತ್ತಾಳೆ. ಕೇಳಿದವರಿಗೆ ಉತ್ತರವು ಗಾಳಿಯಲ್ಲಿ ಕರಗಿಹೋಯಿತೆಂದು ತೋರುತ್ತದೆ. ವಾಸ್ತವವಾಗಿ ಯಂತ್ರವನ್ನು ನೋಂದಾಯಿಸಿದವರ ಫೋನಿನಲ್ಲಿ, ಅಂದರೆ ಅನೇಕ ಮನೆಗಳಲ್ಲಿ ಯಜಮಾನನ ಫೋನಿನಲ್ಲಿ, ಈ ಪ್ರಶ್ನೆಗಳು ದಿನ, ವೇಳೆಗಳ ಸಮೇತ ಸಾಲಾಗಿ ದಾಖಲಾಗಿರಬಹುದು. ಅಳಿಸುವ ಸೌಕರ್ಯವುಂಟು, ಆದರೆ ದಾಖಲೆಯಿದೆಯೆಂದೇ ತಿಳಿಯದವರು ಅಳಿಸುವುದೆಂತು? ಹಳೆಯ ರೇಡಿಯೋವಿನ ಗುಂಡಿಯು ಯಜಮಾನನ ಕೈಯಲ್ಲಿತ್ತು, ನಿಜ. ಆದರೆ ಅದು ಕೇಳಿಸುತ್ತಿತ್ತೇ ಹೊರತು ಕೇಳಿಸಿಕೊಳ್ಳುತ್ತಿರಲಿಲ್ಲ. ಮನೆಗೆಲಸಕ್ಕೆ ಬರುವವರ ಮಾತೂ, ಅತಿಥಿಗಳ ಮಾತೂ ಇದೇ ಪೆಟ್ಟಿಗೆಯ ಮುಂದೆ ನಡೆಯುತ್ತದೆ. ಅವರನ್ನು ಕೇಳಿ ಇದನ್ನು ಇಟ್ಟವರು ವಿರಳ.

ಮಾತು ಮನೆಯ ಹೊರಗೂ ಹೋಗಬಹುದು. 2018ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ದಂಪತಿಗಳು ತಮ್ಮೊಳಗೆ ಆಡಿಕೊಂಡ ಮಾತು ಧ್ವನಿಮುದ್ರಿತವಾಗಿ, ಅವರ ಪರಿಚಯದವನೊಬ್ಬನಿಗೆ ತಾನೇ ತಾನಾಗಿ ರವಾನೆಯಾಯಿತು. ಯಂತ್ರವು ಯಾವುದೋ ಪದವನ್ನು ಕರೆಪದವೆಂದೂ, ಮುಂದಿನ ಮಾತುಗಳನ್ನು ಸಂದೇಶ ಕಳುಹಿಸುವ ಅಪ್ಪಣೆಯೆಂದೂ ತಪ್ಪಾಗಿ ಗ್ರಹಿಸಿತೆಂದು ಸಂಸ್ಥೆಯು ವಿವರಿಸಿತು. ಮಕ್ಕಳ ಧ್ವನಿಮುದ್ರಣಗಳನ್ನು ಅನುಚಿತವಾಗಿ ಉಳಿಸಿಕೊಂಡ ಆರೋಪಕ್ಕಾಗಿ ಅದೇ ಸಂಸ್ಥೆಯು 2023ರಲ್ಲಿ ಅಮೆರಿಕದಲ್ಲಿ 2.5 ಕೋಟಿ ಡಾಲರ್ ದಂಡವನ್ನು ತೆರಲು ಒಪ್ಪಿತು.

ಖಾಸಗಿತನವು ಮೂಲಭೂತ ಹಕ್ಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆಯು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನದು. ಅನಂತರ 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಅಧಿನಿಯಮವೊಂದನ್ನು ಅಂಗೀಕರಿಸಿತು. ಅದರಂತೆ ಹದಿನೆಂಟು ವರ್ಷ ತುಂಬದವರ ವಿವರಗಳನ್ನು ಬಳಸಲು ಸಂಸ್ಥೆಗಳು ತಂದೆತಾಯಿಗಳ ಒಪ್ಪಿಗೆಯನ್ನು ಪಡೆಯಬೇಕು. ಆದರೆ ಒಬ್ಬ ವ್ಯಕ್ತಿಯು ತನ್ನ ಸ್ವಂತದ ಅಥವಾ ಮನೆಯ ಉದ್ದೇಶಕ್ಕಾಗಿ ಬಳಸುವ ವಿವರಗಳಿಗೆ ಆ ಅಧಿನಿಯಮವು ಅನ್ವಯಿಸುವುದಿಲ್ಲ. ಆದುದರಿಂದ ಸಂಸ್ಥೆಗೂ ಮನೆಗೂ ನಡುವೆ ಕಾನೂನು ನಿಲ್ಲಬಹುದು. ಅಣ್ಣನಿಗೂ ತಂಗಿಗೂ, ಅತ್ತೆಗೂ ಸೊಸೆಗೂ ನಡುವೆ ಅದು ಬಂದು ನಿಲ್ಲದು. ಅಲ್ಲಿನ ನಿಯಮವನ್ನು ಮನೆಯವರೇ ಕೂಡಿ ಮಾಡಿಕೊಳ್ಳಬೇಕು: ಪೆಟ್ಟಿಗೆಯನ್ನು ಯಾವ ಕೋಣೆಯಲ್ಲಿಡುವುದು, ಯಾವಾಗ ಅದರ ಕಿವಿಯನ್ನು ಮುಚ್ಚುವ ಗುಂಡಿಯನ್ನು ಒತ್ತುವುದು, ದಾಖಲೆಯನ್ನು ಎಂದೆಂದು ಅಳಿಸುವುದು.

ಮಕ್ಕಳು ಈ ಯಂತ್ರದೊಡನೆ ಗದರಿ ಮಾತನಾಡುವುದನ್ನು ರೂಢಿಸಿಕೊಳ್ಳುತ್ತಾರೆಂದು ಹಲವರು ಆಕ್ಷೇಪಿಸಿದ ಮೇಲೆ, ವಿನಯದಿಂದ ಕೇಳಿದವರನ್ನು ಮೆಚ್ಚಿಕೊಳ್ಳುವಂತೆ 2018ರಲ್ಲಿ ಅದನ್ನು ತಿದ್ದಲಾಯಿತು. ಇಂಗ್ಲಿಷಿನಲ್ಲಿ 'ಪ್ಲೀಸ್' ಎಂಬ ಪದವೊಂದು ಸಾಕಾಗುತ್ತದೆ. ಕನ್ನಡದಲ್ಲಿ ವಿನಯವು ಕ್ರಿಯಾಪದದ ತುದಿಯಲ್ಲಿದೆ: 'ಹಾಡು' ಎಂಬುದಕ್ಕೂ 'ಹಾಡಿರಿ' ಎಂಬುದಕ್ಕೂ ಇರುವ ಅಂತರವನ್ನು ಯಂತ್ರಕ್ಕೆ ಹೇಳಿಕೊಡುವುದು ಅಷ್ಟು ಸುಲಭವಲ್ಲ.

ಭಾಷೆಯ ಮಾತು ಬಂದುದರಿಂದ ಅಜ್ಜಿಯ ಕಡೆಗೆ ಮರಳಬೇಕು. ಭಾರತಕ್ಕೆ ಬಂದಾಗ 'ಎಕೋ' ಯಂತ್ರವು ಇಂಗ್ಲಿಷಿನಲ್ಲಿ ಸಂಭಾಷಿಸುತ್ತಿತ್ತು. 2019ರಲ್ಲಿ ಹಿಂದಿಯನ್ನು ಕಲಿಯಿತು. ಕನ್ನಡವೊಂದನ್ನೇ ಬಲ್ಲ ಅಜ್ಜಿಯು ಅಂಥ ಪೆಟ್ಟಿಗೆಯಿಂದ ಒಂದು ದೇವರನಾಮವನ್ನು ಕೇಳಬೇಕಾದರೂ ಮೊಮ್ಮಗಳನ್ನು ಕರೆಯಬೇಕಾಗುತ್ತದೆ. ಎಲ್ಲರ ವಸ್ತುವಿನಲ್ಲಿ ಅವಳ ಪಾಲು ಹೀಗೆ ಇನ್ನೊಬ್ಬರ ಬಿಡುವನ್ನು ಅವಲಂಬಿಸುತ್ತದೆ. ಯಂತ್ರವು ಒಂದು ನುಡಿಯನ್ನು ಕಲಿಯಬೇಕಾದರೆ ಆ ನುಡಿಯನ್ನಾಡುವ ಬಗೆಬಗೆಯ ಜನರ ಧ್ವನಿಗಳು ಹೇರಳವಾಗಿ ಬೇಕು. ಮಂಗಳೂರಿನ ಕನ್ನಡವನ್ನು ಕೇಳಿ ಬೆಳೆದ ಯಂತ್ರವು ಕಲಬುರಗಿಯ ಕನ್ನಡದ ಮುಂದೆ ತಬ್ಬಿಬ್ಬಾದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 'ವಾಣಿ' ಎಂಬ ಯೋಜನೆಯಲ್ಲಿ ದೇಶದ ಜಿಲ್ಲೆಜಿಲ್ಲೆಗಳ ಮಾತನ್ನು ಸಂಗ್ರಹಿಸುವ ಕಾರ್ಯವನ್ನು ಕೈಗೊಂಡಿದೆ. ಜನರಿಗೆ ಚಿತ್ರಗಳನ್ನು ತೋರಿಸಿ, ಅದರಲ್ಲಿ ಕಂಡುದನ್ನು ಅವರವರ ಆಡುಮಾತಿನಲ್ಲಿಯೇ ಹೇಳಿಸಿ, ಧ್ವನಿಮುದ್ರಿಸಿಕೊಳ್ಳಲಾಗುತ್ತದೆ.